ಭೋಪಾಲದ ವಿಷದ ಕಸ: ಸುಟ್ಟಿದ್ದು ಎಷ್ಟು, ನೆಲದಲ್ಲಿ ಉಳಿದದ್ದು ಎಷ್ಟು?

2025ರ ಜನವರಿ 1ರ ರಾತ್ರಿ ಭೋಪಾಲದ ಹಳೇ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ 12 ಕಂಟೇನರ್ ಲಾರಿಗಳು ಸಾಲಾಗಿ ಹೊರಟವು. ಜೊತೆಗೆ ಪೊಲೀಸ್ ಪಡೆ. ಬೇರೆ ವಾಹನಗಳನ್ನು ತಡೆದು ದಾರಿ ಬಿಡಿಸಿದ್ದರು. ಸುಮಾರು 250 ಕಿ.ಮೀ. ಆಚೆ, ಇಂದೋರ್ ಪಕ್ಕದ ಪೀಥಂಪುರಕ್ಕೆ ಮುಟ್ಟುವಾಗ ಬೆಳಗಿನ ಜಾವ. ಲಾರಿಗಳಲ್ಲಿ ಇದ್ದದ್ದು 337 ಟನ್ ಕಸ. ಅದನ್ನು ಚೀಲಕ್ಕೆ ತುಂಬಿ ಲಾರಿಗೆ ಏರಿಸಲು ಸುಮಾರು 100 ಜನ ದುಡಿದಿದ್ದರು. ಒಂದೊಂದು ಪಾಳಿ ಅರ್ಧ ಗಂಟೆ ಮಾತ್ರ. ಅದಾದ ಮೇಲೆ ಹೊರಗೆ ಬಂದು ಸುಧಾರಿಸಿಕೊಳ್ಳಬೇಕು, ಬೇರೆಯವರು ಒಳಗೆ ಹೋಗಬೇಕು.

ಜೂನ್ ಕೊನೆಯ ಹೊತ್ತಿಗೆ ಅಷ್ಟೂ ಕಸವನ್ನು ಸುಟ್ಟಾಯಿತು. "ಭೋಪಾಲದ ವಿಷ ಕೊನೆಗೂ ಹೋಯಿತು" ಎಂದು ತುಂಬ ಜನ ಅಂದುಕೊಂಡರು. ನಿಜವಾಗಿ ಹೋಗಿದ್ದು ಎಷ್ಟು? ಇದನ್ನು ತಿಳಿಯಬೇಕಾದರೆ ಮುಚ್ಚಿದ ಕಾರ್ಖಾನೆಯನ್ನು ಸ್ವಚ್ಛ ಮಾಡೋದು ಅಂದರೆ ಏನು ಅಂತ ಮೊದಲಿನಿಂದ ನೋಡಬೇಕು.

ಕಸ ಬೇರೆ, 1984ರ ರಾತ್ರಿಯ ಗ್ಯಾಸ್ ಬೇರೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. 1984ರ ಡಿಸೆಂಬರ್ 2ರ ನಡುರಾತ್ರಿ ಸೋರಿ ಸಾವಿರಾರು ಜನರ ಜೀವ ತೆಗೆದದ್ದು ಮೀಥೈಲ್ ಐಸೋಸಯನೇಟ್, ಅಂದರೆ ಎಂಐಸಿ. ಸುಮಾರು 40 ಟನ್ ಅನಿಲ ಒಂದೇ ಟ್ಯಾಂಕಿನಿಂದ ಹೊರಬಿತ್ತು. ಆದರೆ ಎಂಐಸಿ ತುಂಬಾ ದಿನ ಉಳಿಯುವ ವಸ್ತು ಅಲ್ಲ. ನೀರು ಸಿಕ್ಕರೆ ಅದರ ಜೊತೆ ಸೇರಿ ಬೇರೆ ವಸ್ತುವಾಗಿಬಿಡುತ್ತದೆ. ಇನ್ನೊಂದು ಟ್ಯಾಂಕಿನಲ್ಲಿ ಉಳಿದಿದ್ದ ಎಂಐಸಿಯನ್ನು ಅದೇ ಡಿಸೆಂಬರ್ 16ರಿಂದ ಕೆಲವು ದಿನ ಕಾರ್ಖಾನೆಯನ್ನು ಮತ್ತೆ ನಡೆಸಿ, ಕೀಟನಾಶಕವಾಗಿ ಪರಿವರ್ತಿಸಿ ಖಾಲಿ ಮಾಡಿದರು.

ಹಾಗಾಗಿ ಲಾರಿಯಲ್ಲಿ ಹೋದದ್ದು ಆ ಗ್ಯಾಸ್ ಅಲ್ಲ. ಕೀಟನಾಶಕ ತಯಾರಿಸುವಾಗ ಉಳಿದ ಗಸಿ, ಅರ್ಧ ತಯಾರಾಗಿ ನಿಂತಿದ್ದ ಸರಕು, ಅದೆಲ್ಲ ಚೆಲ್ಲಿ ಕೆಟ್ಟ ಮಣ್ಣು. ಸರ್ಕಾರದ ಲೆಕ್ಕದಲ್ಲಿ 337 ಟನ್‌ನಲ್ಲಿ 162 ಟನ್ ಬರೀ ಮಣ್ಣು. ಸೆವಿನ್ ಎಂಬ ಕೀಟನಾಶಕ ಮತ್ತು ನ್ಯಾಫ್ಥಾಲ್‌ನ ಉಳಿಕೆ 92 ಟನ್, ಅರೆಬರೆ ತಯಾರಾದ ಕೀಟನಾಶಕ 54 ಟನ್, ರಿಯಾಕ್ಟರಿನ ತಳದ ಕಸ 29 ಟನ್.

ಹಾಗಾದರೆ ಇದು ಕಡಿಮೆ ಅಪಾಯದ್ದಾ? ಹಾಗಲ್ಲ, ಅಪಾಯದ ರೀತಿ ಬೇರೆ. ಗ್ಯಾಸ್ ಒಂದು ರಾತ್ರಿಯಲ್ಲಿ ಕೊಲ್ಲುತ್ತದೆ. ಈ ಕಸ ನೀರಿಗೆ, ಮಣ್ಣಿಗೆ, ಅಲ್ಲಿಂದ ಮೈಗೆ ಸೇರುತ್ತಾ ವರ್ಷಗಟ್ಟಲೆ ಕಾಡುತ್ತದೆ. ನಿಧಾನವಾಗಿ ಬರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಸ ಅಲ್ಲಿಗೆ ಬಂದದ್ದು ಹೇಗೆ?

ಅವಘಡದಿಂದ ಕಸ ಹುಟ್ಟಿತು ಅನ್ನೋದು ಇನ್ನೊಂದು ತಪ್ಪು ತಿಳಿವಳಿಕೆ. ಕಾರ್ಖಾನೆ ಶುರುವಾದದ್ದು 1969ರಲ್ಲಿ. ಆಗಿನಿಂದಲೇ ಕಸವನ್ನು ಆವರಣದೊಳಗೆ ಗುಂಡಿ ತೋಡಿ ಸುರಿಯುತ್ತಿದ್ದರು. 1977ರಲ್ಲಿ ಸ್ವಲ್ಪ ದೂರದಲ್ಲಿ ದೊಡ್ಡ ಕೊಳಗಳನ್ನು ಮಾಡಿದರು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದ್ದೀರಾ? ನೀರು ಬಿಸಿಲಿಗೆ ಆರಿ ಉಪ್ಪು ಉಳಿಯುತ್ತೆ ಅಲ್ವಾ, ಅದೇ ಲೆಕ್ಕ. ಕಾರ್ಖಾನೆಯ ಕೊಳಕು ನೀರು ಪೈಪಿನಲ್ಲಿ ಬರಬೇಕು, ಬಿಸಿಲಿಗೆ ಆರಬೇಕು, ರಾಸಾಯನಿಕ ತಳದಲ್ಲಿ ಉಳಿಯಬೇಕು. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಹಾಳೆ ಸೋರಿತು. ಕೊಳ ಸೋರುತ್ತಿದೆ ಎಂಬ ಮಾತು 1982ರ ಕಂಪನಿಯ ಒಳಗಿನ ಸಂದೇಶಗಳಲ್ಲೇ ಇದೆ.

ಅಂದರೆ ಆ ರಾತ್ರಿ ಬರುವ ಮೊದಲೇ ನೆಲ ಕೆಟ್ಟಿತ್ತು. ಆಮೇಲೆ ಕಾರ್ಖಾನೆ ನಿಂತಿತು. ಡ್ರಮ್ಮುಗಳು, ಚೀಲಗಳು, ಪೈಪಿನೊಳಗಿನ ಗಸಿ ಎಲ್ಲಾ ಇದ್ದಲ್ಲೇ ಉಳಿದವು. ಮಳೆಗೆ ಚೀಲ ಹರಿಯಿತು, ತುಕ್ಕಿಗೆ ಡ್ರಮ್ಮು ತೂತಾಯಿತು.

ಮಳೆ ನೀರು ಮತ್ತು ಕಾಫಿ ಫಿಲ್ಟರ್

ಮನೆಯ ಕಾಫಿ ಫಿಲ್ಟರನ್ನು ನೆನಪಿಸಿಕೊಳ್ಳಿ. ಮೇಲಿನ ಬಟ್ಟಲಲ್ಲಿ ಪುಡಿ, ಅದರ ಮೇಲೆ ಬಿಸಿನೀರು. ನೀರು ಪುಡಿಯ ಮೂಲಕ ಇಳಿಯುತ್ತಾ ಅದರ ಸತ್ವ ಎಳೆದುಕೊಂಡು ಕೆಳಗೆ ಡಿಕಾಕ್ಷನ್ನಾಗಿ ತೊಟ್ಟಿಕ್ಕುತ್ತದೆ. ವಿಷ ಬೆರೆತ ಮಣ್ಣಿನ ಮೇಲೆ ಮಳೆ ಬಿದ್ದಾಗ ಆಗುವುದೂ ಇದೇ. ಮಣ್ಣೇ ಪುಡಿ, ಮಳೆಯೇ ನೀರು, ಕೆಳಗಿನ ಅಂತರ್ಜಲವೇ ಡಿಕಾಕ್ಷನ್ ಬಟ್ಟಲು. ಒಂದೇ ವ್ಯತ್ಯಾಸ: ಕಾಫಿ ಪುಡಿ ಎರಡನೇ ಸಲಕ್ಕೆ ಸಪ್ಪೆಯಾಗುತ್ತದೆ, ಈ ಮಣ್ಣು ನಲವತ್ತು ಮಳೆಗಾಲ ಕಳೆದರೂ ಸಪ್ಪೆಯಾಗುವುದಿಲ್ಲ.

ಯಾಕೆ ಅಂದರೆ, ಇಲ್ಲಿರುವ ಕೆಲವು ವಸ್ತುಗಳು ತುಂಬಾ ಹಟಮಾರಿ. ಕ್ಲೋರಿನ್ ಸೇರಿದ ಕೀಟನಾಶಕಗಳನ್ನು ಮಣ್ಣಿನ ಸೂಕ್ಷ್ಮಜೀವಿಗಳು ಸುಲಭಕ್ಕೆ ಒಡೆಯಲಾರವು. ಡೈಕ್ಲೋರೋಬೆಂಜೀನಿನಂಥ ದ್ರಾವಕಗಳು ನೀರಿಗಿಂತ ಭಾರ. ಎಣ್ಣೆ ನೀರಿನ ಮೇಲೆ ತೇಲಿದರೆ ಕೈಯಲ್ಲಿ ತೆಗೆಯಬಹುದು. ಇವು ಜೇನುತುಪ್ಪದ ಹಾಗೆ ತಳಕ್ಕೆ ಇಳಿದು, ಬಂಡೆಯ ಸಂದಿಯಲ್ಲಿ ಕೂತು, ಚೂರುಚೂರೇ ಕರಗುತ್ತಾ ಇರುತ್ತವೆ. ಪಾದರಸ, ಸೀಸ, ಕ್ರೋಮಿಯಂ ಲೋಹಗಳು. ಅವು ಎಷ್ಟು ವರ್ಷವಾದರೂ ಲೋಹಗಳೇ.

ಎಷ್ಟು ಸೇರಿದರೆ ಅಪಾಯ? ಕುಡಿಯುವ ನೀರಿನಲ್ಲಿ ಪಾದರಸಕ್ಕೆ ನಮ್ಮ ದೇಶದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಇದು ಎಷ್ಟು ಕಮ್ಮಿ ಅಂದರೆ, ಬೇಸಿಗೆಯಲ್ಲಿ ಬೀದಿಗೆ ಬರುವ 5,000 ಲೀಟರಿನ ನೀರಿನ ಟ್ಯಾಂಕರ್ ಇರುತ್ತಲ್ಲ, ಅಂಥ ಹತ್ತು ಟ್ಯಾಂಕರ್ ನೀರಿಗೆ ಒಂದೇ ಹನಿ ಮಸಿ ಬಿದ್ದಷ್ಟು. ಬಣ್ಣ, ರುಚಿ, ವಾಸನೆ ಯಾವುದರಿಂದಲೂ ಗೊತ್ತಾಗುವುದಿಲ್ಲ.

ಕಾರ್ಖಾನೆಯ ಸುತ್ತಲಿನ ಬಸ್ತಿಗಳಲ್ಲಿ ಕೆಲವು ಕೈಪಂಪುಗಳಿಗೆ ಕೆಂಪು ಬಣ್ಣ ಬಳಿದಿದ್ದರು. ಈ ನೀರು ಕುಡಿಯಬೇಡಿ ಎಂದು ಅರ್ಥ. ಆದರೆ ಬೇರೆ ನೀರು ಹತ್ತಿರದಲ್ಲಿ ಇಲ್ಲದಿದ್ದರೆ ಕೆಂಪು ಬಣ್ಣ ನೋಡಿಕೊಂಡೇ ಕೊಡ ಹಿಡಿಯಬೇಕು. ಈ ಬಸ್ತಿಗಳಿಗೆ ಶುದ್ಧ ನೀರು ಕೊಡಿ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಬೇಕಾಯಿತು.

ಸ್ವಚ್ಛತೆ ಶುರುವಾಗುವುದು ಪೊರಕೆಯಿಂದ ಅಲ್ಲ, ಕಾಗದದಿಂದ

ಹಾಳುಬಿದ್ದ ಕಾರ್ಖಾನೆಗೆ ನೇರ ಜೆಸಿಬಿ ನುಗ್ಗಿಸಿದರೆ ಇರುವ ಅಪಾಯ ಹತ್ತು ಪಟ್ಟಾಗುತ್ತದೆ. ಮೊದಲು ಹಳೇ ದಾಖಲೆ ತೆಗೆಯಬೇಕು. ಇಲ್ಲಿ ಏನು ತಯಾರಾಗುತ್ತಿತ್ತು, ಯಾವ ಕಚ್ಚಾ ಸಾಮಗ್ರಿ ಬರುತ್ತಿತ್ತು, ಚರಂಡಿ ಯಾವ ಕಡೆ ಹೋಗುತ್ತಿತ್ತು, ಗುಂಡಿ ಎಲ್ಲಿ ತೋಡಿದ್ದರು? ಆಗ ಕೆಲಸ ಮಾಡಿದ ಕಾರ್ಮಿಕರು ಸಿಕ್ಕರೆ ಅವರನ್ನು ಕೇಳಬೇಕು. ಎಷ್ಟೋ ಸಲ ನಕ್ಷೆಯಲ್ಲಿ ಇಲ್ಲದ್ದು ಅವರ ನೆನಪಿನಲ್ಲಿ ಇರುತ್ತದೆ.

ಆಮೇಲೆ ಮೇಲಿನ ಕಸ. ಡ್ರಮ್ಮು, ಚೀಲ, ಟ್ಯಾಂಕಿನ ತಳದ ಗಸಿ. ಗುರುತು ಹಚ್ಚಿ ಬೇರೆ ಬೇರೆ ಇಡಬೇಕು, ಏಕೆಂದರೆ ಒಂದರ ಜೊತೆ ಒಂದು ಸೇರಿದರೆ ಬೆಂಕಿ ಹತ್ತಬಹುದು, ವಿಷಗಾಳಿ ಏಳಬಹುದು. ಹಳೇ ಕಟ್ಟಡಗಳಲ್ಲಿ ಪೈಪಿಗೆ ಸುತ್ತಿದ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇದ್ದರೆ ಒದ್ದೆ ಮಾಡಿಕೊಂಡೇ ಬಿಚ್ಚಬೇಕು. ಒಣಗಿದ್ದಾಗ ಒಡೆದರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಹಾರಿ ಶ್ವಾಸಕೋಶದಲ್ಲಿ ಕೂರುತ್ತದೆ. ಪೈಪು, ಟ್ಯಾಂಕು ಒಳಗಿನಿಂದ ತೊಳೆದು ಆದ ಮೇಲೇ ಕಟ್ಟಡ ಒಡೆಯುವ ಮಾತು.

ಮೂರನೆಯದು ನೆಲ. ಜಾಗವನ್ನು ಚೌಕಾಬಾರಾ ಮನೆಗಳ ಹಾಗೆ ಭಾಗ ಮಾಡಿ, ಒಂದೊಂದು ಮನೆಯಲ್ಲೂ ಬೇರೆ ಬೇರೆ ಆಳದ ಮಣ್ಣು ತೆಗೆದು ಪರೀಕ್ಷಿಸುತ್ತಾರೆ. ವಿಷ ಎಲ್ಲಿದೆ, ಯಾವ ದಾರಿಯಲ್ಲಿ ಹೊರಟಿದೆ, ಯಾರನ್ನು ಮುಟ್ಟುತ್ತದೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಗಬೇಕು. ಮೂರರಲ್ಲಿ ಒಂದು ಕೊಂಡಿ ಕಳಚಿದರೂ ಅಪಾಯ ತಗ್ಗುತ್ತದೆ. ಭೋಪಾಲದಲ್ಲಿ ಪೈಪಿನಲ್ಲಿ ಶುದ್ಧ ನೀರು ಕೊಟ್ಟಿದ್ದು ಮೂರನೆಯ ಕೊಂಡಿ ಕಳಚುವ ಕೆಲಸ. ವಿಷ ಇದ್ದಲ್ಲೇ ಇದೆ, ಜನ ಅದನ್ನು ಕುಡಿಯುವುದು ತಪ್ಪಿತು.

ಸುಡುವುದು ಅಂದರೆ ಬೆಂಕಿ ಹಚ್ಚುವುದಲ್ಲ

2005ರಲ್ಲಿ ಭೋಪಾಲದ ಮೇಲಿನ ಕಸವನ್ನು ಒಟ್ಟುಮಾಡಿ ಕಾರ್ಖಾನೆಯ ಶೆಡ್ಡಿನಲ್ಲೇ ಇಟ್ಟರು. ಇಪ್ಪತ್ತು ವರ್ಷದ ನಂತರ ಪೀಥಂಪುರದಲ್ಲಿ ಸುಟ್ಟದ್ದು ಅದನ್ನೇ.

ಸುಡುವ ಉದ್ದೇಶ ಇಷ್ಟು: ವಿಷದ ದೊಡ್ಡ ಅಣುಗಳನ್ನು ಒಡೆದು ನೀರಾವಿ, ಇಂಗಾಲದ ಡೈಆಕ್ಸೈಡ್‌ನಂಥ ಸಣ್ಣ ಅಣುಗಳಾಗಿ ಮಾಡುವುದು. ಇದಕ್ಕೆ ಇನ್ಸಿನರೇಟರ್ ಎಂಬ ದಹನಕುಲುಮೆ ಬೇಕು. ಮೊದಲ ಕೋಣೆಯಲ್ಲಿ ಕಸ ಉರಿಯುತ್ತದೆ. ಅಲ್ಲಿಂದ ಎದ್ದ ಹೊಗೆ ಎರಡನೇ ಕೋಣೆಗೆ ಹೋಗುತ್ತದೆ. ಅಲ್ಲಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹೊಗೆ ಕಡೇ ಪಕ್ಷ 2 ಸೆಕೆಂಡ್ ಇರಬೇಕು. ಹೊಗೆಯನ್ನೇ ಇನ್ನೊಂದು ಸಲ ಸುಡುವುದು ಅನ್ನಿ.

ನಿಜವಾದ ಕಷ್ಟ ಇರುವುದು ಆಮೇಲೆ. ಕ್ಲೋರಿನ್ ಇರುವ ಕಸ ಸುಟ್ಟಾಗ ಡಯಾಕ್ಸಿನ್ ಎಂಬ ಅತಿ ವಿಷದ ಗುಂಪು ಹುಟ್ಟಬಹುದು. ಅದು ಹುಟ್ಟುವುದು ಕುಲುಮೆಯ ಒಳಗಿಗಿಂತ ಜಾಸ್ತಿ, ಹೊಗೆ ತಣಿಯುವ ದಾರಿಯಲ್ಲಿ, ಸುಮಾರು 450ರಿಂದ 200 ಡಿಗ್ರಿಗೆ ಇಳಿಯುವಾಗ. ಅದಕ್ಕೇ ಆ ಹಂತವನ್ನು ಬೇಗ ದಾಟಿಸಬೇಕು. ಕಮ್ಮಾರ ಕೆಂಪಗೆ ಕಾದ ಕಬ್ಬಿಣವನ್ನು ತಟ್ಟನೆ ನೀರಿಗೆ ಅದ್ದುತ್ತಾನಲ್ಲ, ಹಾಗೆ ಹೊಗೆಗೆ ನೀರು ಸಿಂಪಡಿಸಿ ಒಮ್ಮೆಲೇ ತಣಿಸುತ್ತಾರೆ. ಆಮೇಲೆ ಸುಣ್ಣ ಹಾಕಿ ಆಮ್ಲವನ್ನು ಮುರಿಯುತ್ತಾರೆ, ಇದ್ದಿಲ ಪುಡಿ ಹಾಕಿ ಪಾದರಸ, ಡಯಾಕ್ಸಿನ್ ಹೀರಿಸುತ್ತಾರೆ. ಕೊನೆಗೆ ಬಟ್ಟೆಯ ಚೀಲಗಳಲ್ಲಿ ಸೋಸುತ್ತಾರೆ. ಮನೆಯಲ್ಲಿ ಪುಡಿಯನ್ನು ವಸ್ತ್ರಗಾಳಿತ ಮಾಡಿದ ಹಾಗೆ. ಚಿಮಣಿಯಿಂದ ಹೊರಗೆ ಬರುವುದು ಇಷ್ಟೆಲ್ಲ ದಾಟಿದ ಹೊಗೆ.

ಇದರಲ್ಲಿ ಯಾವ ಹಂತ ಕೈಕೊಟ್ಟರೂ ಸುಡದೇ ಇದ್ದದ್ದೇ ವಾಸಿ ಅನ್ನುವಂತಾಗುತ್ತದೆ. ಪೀಥಂಪುರದ ಜನ ಹೆದರಿದ್ದು ಸುಮ್ನೆ ಅಲ್ಲ. ಜನವರಿ 3ರಂದು ಊರಿಗೆ ಊರೇ ಬಂದ್ ಆಯಿತು, ಇಬ್ಬರು ಮೈಗೆ ಬೆಂಕಿ ಹಚ್ಚಿಕೊಳ್ಳಲು ಹೋಗಿ ಸುಟ್ಟಗಾಯ ಮಾಡಿಕೊಂಡರು. ಆಮೇಲೆ ಮಧ್ಯಪ್ರದೇಶ ಹೈಕೋರ್ಟ್ ಮೊದಲು ಪ್ರಯೋಗ ಮಾಡಿ ಎಂದಿತು. ಫೆಬ್ರುವರಿ 28ರಿಂದ ಮೂರು ಸುತ್ತು, ಸುತ್ತಿಗೆ 10 ಟನ್. ಗಂಟೆಗೆ 135 ಕೆ.ಜಿ., ಆಮೇಲೆ 180, ಆಮೇಲೆ 270. ಹೊಗೆಯ ಅಳತೆ ಮಿತಿಯೊಳಗೇ ಇದೆ ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ವರದಿ ಕೊಟ್ಟಿತು. ಉಳಿದ 307 ಟನ್‌ಗೆ ಮೇ 5ರಂದು ಶುರುಮಾಡಿ ಜೂನ್ 29ರ ರಾತ್ರಿಯ ಹೊತ್ತಿಗೆ ಮುಗಿಸಿದರು.

337 ಟನ್ ಸುಟ್ಟರೆ ಬೂದಿ ಜಾಸ್ತಿ ಆದದ್ದು ಹೇಗೆ?

ಸುಟ್ಟ ಮೇಲೆ ಉಳಿದದ್ದು 800 ಟನ್‌ಗೂ ಜಾಸ್ತಿ. ಕಟ್ಟಿಗೆ ಸುಟ್ಟರೆ ಒಂದು ಹಿಡಿ ಬೂದಿ ಉಳಿಯುತ್ತೆ, ಇಲ್ಲಿ ಮಾತ್ರ ತೂಕ ಏರಿತು. ಲೆಕ್ಕ ಸರಳ. ಕಸದಲ್ಲಿ ಅರ್ಧದಷ್ಟು ಮಣ್ಣೇ ಇತ್ತು. ಮಣ್ಣು ಉರಿಯುವುದಿಲ್ಲ. ಅದರಲ್ಲಿ ಅಂಟಿದ ವಿಷ ಉರಿಯುತ್ತದೆ, ಮಣ್ಣು ಹಾಗೇ ಹೊರಬರುತ್ತದೆ. ಅದರ ಮೇಲೆ ಆಮ್ಲ ಮುರಿಯಲು ಬೆರೆಸಿದ ಸುಣ್ಣ, ಹೊಗೆ ಸೋಸಿದಾಗ ಹಿಡಿದ ಪುಡಿ.

ಲೋಹಗಳು ಬೆಂಕಿಗೆ ನಾಶವಾಗುವುದಿಲ್ಲ. ಅವು ಬೂದಿಯಲ್ಲೋ ಸೋಸಿದ ಪುಡಿಯಲ್ಲೋ ಇರುತ್ತವೆ. ಹಾಗಾಗಿ ಈ ಬೂದಿಯೂ ಅಪಾಯಕಾರಿ ತ್ಯಾಜ್ಯವೇ. ಇದನ್ನು ಸುರಕ್ಷಿತ ಭೂಭರ್ತಿ ಎಂಬ ಗುಂಡಿಯಲ್ಲಿ ಹೂಳಬೇಕು. ನಮ್ಮ ರೈತರು ಕೃಷಿ ಹೊಂಡಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತಾರಲ್ಲ, ಅದು ನೀರು ಇಂಗದಿರಲಿ ಅಂತ. ಇಲ್ಲಿಯೂ ಅದೇ ಉಪಾಯ, ಆದರೆ ಒಂದಲ್ಲ, ಎರಡು ಪದರ ಹಾಳೆ. ಕೆಳಗೆ ಒತ್ತಿ ಗಟ್ಟಿಮಾಡಿದ ಜೇಡಿಮಣ್ಣು, ನಡುವೆ ಸೋರಿದ ನೀರು ಹಿಡಿಯುವ ಪೈಪು. ತುಂಬಿದ ಮೇಲೆ ಮಳೆ ಇಳಿಯದ ಹಾಗೆ ಮೇಲಿನಿಂದಲೂ ಮುಚ್ಚುತ್ತಾರೆ. ಸುತ್ತಲೂ ಬಾವಿ ಕೊರೆದು ವರ್ಷಗಟ್ಟಲೆ ನೀರು ಪರೀಕ್ಷಿಸುತ್ತಿರಬೇಕು. ಕರ್ನಾಟಕದ ಕಾರ್ಖಾನೆಗಳ ಇಂಥ ಕಸಕ್ಕೂ ದಾಬಸ್‌ಪೇಟೆ ಬಳಿ ಇದೇ ಬಗೆಯ ಗುಂಡಿ ಇದೆ. ತುಮಕೂರು ಹೆದ್ದಾರಿಯಲ್ಲಿ ಓಡಾಡುವ ಎಷ್ಟೋ ಜನರಿಗೆ ಅದು ಗೊತ್ತೇ ಇಲ್ಲ.

ನಲವತ್ತು ವರ್ಷ ಯಾಕೆ ಹಿಡಿಯಿತು?

ಕಸ ಯಾರದ್ದು ಎಂಬುದೇ ತೀರ್ಮಾನವಾಗಲಿಲ್ಲ. ಮಾಲಿನ್ಯ ಮಾಡಿದವರೇ ದುಡ್ಡು ಕೊಡಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲೇ ಒಪ್ಪಿದೆ. ಆದರೆ ಇಲ್ಲಿ ಕಾರ್ಖಾನೆ ನಡೆಸುತ್ತಿದ್ದ ಭಾರತದ ಕಂಪನಿ ಕೈಬದಲಾಗಿ ಹೆಸರು ಬದಲಿಸಿತು. 1998ರಲ್ಲಿ ಗುತ್ತಿಗೆಯ ಜಮೀನು ರಾಜ್ಯ ಸರ್ಕಾರಕ್ಕೆ ವಾಪಸಾಯಿತು. 2001ರಲ್ಲಿ ಅಮೆರಿಕದ ಮೂಲ ಕಂಪನಿಯನ್ನು ಡೌ ಕೆಮಿಕಲ್ ಕೊಂಡಿತು, ಈ ಜವಾಬ್ದಾರಿ ತನ್ನದಲ್ಲ ಎಂದಿತು. 2004ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟಿಗೆ ಹೋಯಿತು.

ಎಲ್ಲಿಗೆ ಸಾಗಿಸುವುದು ಎಂಬುದು ಎರಡನೇ ತೊಡಕು. ಗುಜರಾತಿನ ಅಂಕಲೇಶ್ವರ ಎಂದರು, ಗುಜರಾತ್ ಒಪ್ಪಲಿಲ್ಲ. 2012ರಲ್ಲಿ ವಿಮಾನದಲ್ಲಿ ಜರ್ಮನಿಗೆ ಕಳಿಸುವ ಮಾತಾಯಿತು, ಅದೂ ಬಿದ್ದುಹೋಯಿತು. 2015ರಲ್ಲಿ ಪೀಥಂಪುರದಲ್ಲೇ 10 ಟನ್ ಸುಟ್ಟು ನೋಡಿದರು. ಕೊನೆಗೆ 2024ರ ಡಿಸೆಂಬರ್ 3ರಂದು, ದುರಂತಕ್ಕೆ ನಲವತ್ತು ತುಂಬಿದ ದಿನವೇ, ನಾಲ್ಕು ವಾರದಲ್ಲಿ ಕಸ ತೆಗೆಯಿರಿ ಎಂದು ಹೈಕೋರ್ಟ್ ಗಡುವು ಕೊಟ್ಟಿತು. ಖರ್ಚು ಸುಮಾರು 126 ಕೋಟಿ ರೂಪಾಯಿ. ಕೊಟ್ಟದ್ದು ಸರ್ಕಾರ, ಅಂದರೆ ನಾವು.

ನೆಲದೊಳಗೆ ಉಳಿದದ್ದು

ಈಗ ಮೊದಲ ಪ್ರಶ್ನೆಗೆ ಬರೋಣ. ನಾಗಪುರದ ನೀರಿ ಮತ್ತು ಹೈದರಾಬಾದಿನ ಎನ್‌ಜಿಆರ್‌ಐ ಎಂಬ ಎರಡು ಸರ್ಕಾರಿ ಸಂಸ್ಥೆಗಳು 2010ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಅಲ್ಲಿ ಕೆಟ್ಟಿರುವ ಮಣ್ಣು ಸುಮಾರು 11 ಲಕ್ಷ ಟನ್. ಸುಟ್ಟದ್ದು 337 ಟನ್. 12 ಕಂಟೇನರಿನಲ್ಲಿ 337 ಟನ್ ಹೋಯಿತಲ್ಲ, ಅದೇ ಲೆಕ್ಕದಲ್ಲಿ ಉಳಿದದ್ದನ್ನು ಸಾಗಿಸಲು ಸುಮಾರು 39 ಸಾವಿರ ಕಂಟೇನರ್ ಬೇಕು. ಈ ಒಂದು ಲೆಕ್ಕ ಸಾಕು, ಆ ರಾತ್ರಿ ಹೊರಟದ್ದು ಎಷ್ಟು ಚಿಕ್ಕ ಪಾಲು ಅಂತ ತಿಳಿಯಲು.

ಅಷ್ಟು ಮಣ್ಣನ್ನು ಯಾರೂ ಸುಡಲಾರರು. ಅದಕ್ಕೆ ಬೇರೆ ದಾರಿಗಳಿವೆ. ಅತಿ ಕೆಟ್ಟ ಜಾಗ ಮಾತ್ರ ಅಗೆದು ತೆಗೆಯಬಹುದು. ಮಣ್ಣನ್ನು ಮುಚ್ಚಿದ ಒಲೆಯಲ್ಲಿ ಕಾಯಿಸಿ ವಿಷವನ್ನು ಆವಿಯಾಗಿ ಹಿಡಿಯಬಹುದು. ಉಳಿದದ್ದರ ಮೇಲೆ ಮಳೆ ಇಳಿಯದ ಹೊದಿಕೆ ಹಾಕಬಹುದು, ಅಂದರೆ ಕಾಫಿ ಪುಡಿಗೆ ನೀರು ಬೀಳದ ಹಾಗೆ ಮುಚ್ಚಳ ಮುಚ್ಚುವುದು. ಅಂತರ್ಜಲವನ್ನು ಬೋರ್‌ವೆಲ್‌ನಿಂದ ಮೇಲೆತ್ತಿ ಶುದ್ಧಮಾಡಿ ಬಿಡಬಹುದು. ಇದು ದಶಕಗಟ್ಟಲೆ ನಡೆಯುವ ಕೆಲಸ.

ಎಷ್ಟು ಶುದ್ಧವಾದರೆ ಸಾಕು? ಇದು ಬರೀ ವಿಜ್ಞಾನದ ಪ್ರಶ್ನೆ ಅಲ್ಲ. ತಮಿಳುನಾಡಿನ ಕೊಡೈಕನಾಲ್‌ನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆ ನೋಡಿ. ಅಲ್ಲಿ ಪಾದರಸ ಬೆರೆತ ಸುಮಾರು 290 ಟನ್ ಕಸವನ್ನು 2003ರಲ್ಲಿ ಹಡಗಿನಲ್ಲಿ ಅಮೆರಿಕಕ್ಕೇ ವಾಪಸ್ ಕಳಿಸಿದರು. ಆದರೆ ಮಣ್ಣಿನ ಜಗಳ ಮುಗಿಯಲಿಲ್ಲ. ಕೆ.ಜಿ. ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿದರೆ ಪರವಾಗಿಲ್ಲ ಎಂದು ಗುರಿ ಇಟ್ಟರು. ಮನೆ ಕಟ್ಟುವ ಜಾಗಕ್ಕೆ ಅದು ಸರಿ ಇರಬಹುದು, ಆದರೆ ಇದು ಕಾಡಿನ ಅಂಚು, ಇಲ್ಲಿಂದ ನೀರು ಶೋಲಾ ಕಾಡಿಗೆ ಇಳಿಯುತ್ತದೆ ಎಂದು ಪರಿಸರದವರು ವಾದ ಮಾಡಿದರು. ಆ ಜಾಗವನ್ನು ಮುಂದೆ ಯಾರು, ಹೇಗೆ ಬಳಸುತ್ತಾರೆ ಎಂಬುದರ ಮೇಲೆ ಗುರಿ ನಿಂತಿರುತ್ತದೆ.

ನಿಮ್ಮ ಪಕ್ಕದಲ್ಲೇ ಮುಚ್ಚಿದ ಕಾರ್ಖಾನೆ ಇದ್ದರೆ

ಇಂಥ ಜಾಗಗಳಿಗಾಗಿ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊಸ ನಿಯಮ ತಂದಿದೆ. ಅನುಮಾನದ ಜಾಗಗಳನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಪಟ್ಟಿಮಾಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪರೀಕ್ಷೆ ಮಾಡಿಸಬೇಕು, ಜವಾಬ್ದಾರರು ಯಾರೆಂದು ಹುಡುಕಿ ಅವರಿಂದ ಖರ್ಚು ವಸೂಲಿ ಮಾಡಬೇಕು. ಗಣಿ ಕೆಲಸದಿಂದ ಕೆಟ್ಟ ಜಾಗಗಳನ್ನು ಈ ನಿಯಮ ಹೊರಗಿಟ್ಟಿದೆ. ಹಾಗಾಗಿ ಕೆಜಿಎಫ್‌ನ ಸೈನೈಡ್ ದಿಬ್ಬಗಳ ಕಥೆ ಬೇರೆಯೇ.

ನೀವು ಮಾಡಬಹುದಾದದ್ದೂ ಇದೆ. ಅಲ್ಲಿ ಯಾವ ಕಂಪನಿಗೆ, ಏನು ತಯಾರಿಸಲು ಅನುಮತಿ ಇತ್ತು ಎಂದು ಮಂಡಳಿಯ ಪ್ರಾದೇಶಿಕ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಬಾವಿ, ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕೊಡುವಾಗ ಸುಮ್ನೆ ಗಡಸುತನ, ಫ್ಲೋರೈಡ್ ನೋಡಿಸಿದರೆ ಸಾಲದು. ಲೋಹ, ಕೀಟನಾಶಕ, ದ್ರಾವಕಗಳನ್ನು ಹೆಸರು ಹೇಳಿ ನೋಡಿಸಬೇಕು. ಮನೆ ಪಾಯ ತುಂಬಲು ಅಲ್ಲಿನ ಮಣ್ಣು ಅಗ್ಗಕ್ಕೆ ಸಿಗುತ್ತೆ ಎಂದು ತರಬೇಡಿ. ಮಕ್ಕಳು ಅಲ್ಲಿ ಕ್ರಿಕೆಟ್ ಆಡುತ್ತಿದ್ದರೆ ಬೇರೆ ಜಾಗ ತೋರಿಸಿ.

ಇನ್ನು ಕಾರ್ಖಾನೆಗಳಿಂದ ಗುಜರಿಗೆ ಬರುವ ನೀಲಿ ಪ್ಲಾಸ್ಟಿಕ್ ಡ್ರಮ್ಮು. ನಮ್ಮ ಬೀದಿಯಲ್ಲೇ ಐದಾರು ಮನೆಯ ಮುಂದೆ ಇದೆ, ನೀರು ಹಿಡಿದಿಡಲು. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು. ಒಂದರ ಮೇಲೆ ಅರ್ಧ ಹರಿದ ಚೀಟಿ ಇನ್ನೂ ಅಂಟಿಕೊಂಡಿದೆ, ಕೆಂಪು ಗೆರೆಯ ಚೌಕದಲ್ಲಿ ತಲೆಬುರುಡೆ ಗುರುತು. ಸೋಪು ಹಾಕಿ ನಾಲ್ಕು ಸಲ ತೊಳೆದಿದ್ದೀವಿ ಅಂತಾರೆ ಆ ಮನೆಯವರು. ಕೆಲವು ರಾಸಾಯನಿಕಗಳು ಪ್ಲಾಸ್ಟಿಕ್ಕಿನ ಒಳಕ್ಕೇ ಹೀರಿಕೊಂಡಿರುತ್ತವೆ, ತೊಳೆದರೆ ಹೋಗುವುದಿಲ್ಲ, ಬಿಸಿಲಿಗೆ ಕಾದಾಗ ನಿಧಾನಕ್ಕೆ ನೀರಿಗೆ ಬಿಡುತ್ತವೆ. ಮೊದಲು ಅದರಲ್ಲಿ ಏನಿತ್ತು ಎಂದು ಗೊತ್ತಿಲ್ಲದ ಡ್ರಮ್ಮಿನಲ್ಲಿ ಕುಡಿಯುವ ನೀರು ತುಂಬಬೇಡಿ. ಗಿಡಕ್ಕೆ, ದನಕ್ಕೆ ಅಂತಲೂ ಬೇಡ.